ಒಬ್ಬರೇ ಮಾಡುವ ಐತಿಹಾಸಿಕ ಗೇಮ್: ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಕೈಬಿಡಬೇಕು

ಐತಿಹಾಸಿಕ ಗೇಮ್ ಮಾಡಬೇಕೆಂದು ಹೊರಟವರ ಮೊದಲ ಟಿಪ್ಪಣಿ ಹೆಚ್ಚಾಗಿ ಹೀಗಿರುತ್ತದೆ: 1453ರ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆ (ಬೈಜಾಂಟೈನ್ ಚಕ್ರವರ್ತಿಯ ರಾಜಧಾನಿ, ಇಂದಿನ ಇಸ್ತಾಂಬುಲ್; ಮುತ್ತಿದವರು ಒಟ್ಟೋಮನ್ ತುರ್ಕರು), ಇಡೀ ನಗರದಲ್ಲಿ ಓಡಾಟ, ಎರಡೂ ಪಕ್ಷಗಳಿಂದ ಆಡುವ ಅವಕಾಶ, ಹಡಗುಗಳ ಕಾಳಗ, ಫಿರಂಗಿ, ರಾಜತಂತ್ರ, ಬೇಹುಗಾರಿಕೆ, ಸಾಲದ್ದಕ್ಕೆ ಆನ್‌ಲೈನ್ ಆಟ. ಇದನ್ನು ಚಿಕ್ಕದು ಮಾಡಿ ಎಂದರೆ ನಗರವನ್ನು ಅರ್ಧಕ್ಕೆ ಇಳಿಸುತ್ತಾರೆ, ಇಪ್ಪತ್ತು ಬಗೆಯ ಸೈನಿಕರನ್ನು ಹತ್ತಕ್ಕೆ ತರುತ್ತಾರೆ. ಅದರಿಂದ ಉಳಿಯುವ ಸಮಯ ಅತ್ಯಲ್ಪ. ಸೈನಿಕ ದಾರಿ ಹುಡುಕುವುದು, ಹೊಡೆಯುವುದು, ಸಾಯುವುದು ಇವಕ್ಕೆ ಬೇಕಾದ ಕೋಡ್ ಹತ್ತು ಬಗೆಗೂ ಇಪ್ಪತ್ತು ಬಗೆಗೂ ಹೆಚ್ಚುಕಡಿಮೆ ಅಷ್ಟೇ. ಕತ್ತರಿ ಬೀಳಬೇಕಾದ್ದು ವ್ಯವಸ್ಥೆಗಳ ಮೇಲೆ. ಆನ್‌ಲೈನ್ ಆಟವನ್ನು ಮೊದಲ ದಿನವೇ ಹೊಡೆದುಹಾಕಿ, ಅದರ ಬಗ್ಗೆ ಚರ್ಚೆಯೇ ಬೇಡ.

ಒಂದೇ ಒಂದು ಕೆಲಸ

ಆಟಗಾರ ಮಾಡುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಕ್ರಿಯಾಪದಗಳಾಗಿ ಬರೆಯಿರಿ: ಹೋರಾಡುವುದು, ಓಡಿಸುವುದು, ಕಟ್ಟುವುದು, ಮಾತಾಡುವುದು, ಕದಿಯುವುದು. ಒಂದೊಂದು ಕ್ರಿಯಾಪದಕ್ಕೂ ಬೇರೆ ಕೋಡ್, ಬೇರೆ ಚಿತ್ರ, ಬೇರೆ ಪರೀಕ್ಷೆ. ಅದರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಯಾವುದು ಎಂಬುದನ್ನು ಬೇರೆ ಗೇಮ್‌ಗಳನ್ನು ನೋಡಿ ನಿರ್ಧರಿಸುವ ಬದಲು ಆ ಕಾಲದವರು ಬರೆದಿಟ್ಟಿದ್ದನ್ನು ಓದಿ ನಿರ್ಧರಿಸಿ.

ಈ ಮುತ್ತಿಗೆಯಲ್ಲಿ ನಗರದೊಳಗಿದ್ದ ವೆನಿಸ್‌ನ ಹಡಗುವೈದ್ಯ ನಿಕೊಲೊ ಬಾರ್ಬಾರೊ ದಿನಚರಿ ಬರೆದಿದ್ದಾನೆ. ಹಗಲಿಡೀ ಫಿರಂಗಿ ಗೋಡೆ ಕೆಡವುವುದು, ರಾತ್ರಿಯಿಡೀ ಊರಿನವರು ಸೇರಿ ಮರದ ದಿಮ್ಮಿ, ಮಣ್ಣು ತುಂಬಿದ ಪೀಪಾಯಿಗಳಿಂದ ಬಿರುಕು ಮುಚ್ಚುವುದು, ಇದೇ ಅಂದಿನ ದಿನನಿತ್ಯದ ಲಯ. ಗೇಮ್ ಅಲ್ಲಿಯೇ ಸಿಕ್ಕಿತು: ದುರಸ್ತಿ. ಕತ್ತಿವರಸೆಯ ಅನಿಮೇಶನ್ ಒಂದೂ ಬೇಡ.

ಉಳಿದ ನಿಯಮಗಳನ್ನೂ ಇತಿಹಾಸವೇ ಕೊಡುತ್ತದೆ. ಒಟ್ಟೋಮನ್ ಸುಲ್ತಾನ ಮೆಹಮದನಿಗಾಗಿ ಓರ್ಬಾನ್ ಎರಕ ಹೊಯ್ದ ದೊಡ್ಡ ಫಿರಂಗಿ ದಿನಕ್ಕೆ ಸುಮಾರು 7 ಸಲವಷ್ಟೇ ಗುಂಡು ಹಾರಿಸುತ್ತಿತ್ತು. ಅಂದರೆ ಹಗಲಿನ ಹಂತದಲ್ಲಿ 7 ಪೆಟ್ಟು, ಲೆಕ್ಕ ಸ್ಪಷ್ಟ. ಚಕ್ರವರ್ತಿಯ ಆಜ್ಞೆಯಂತೆ ಆಸ್ಥಾನದ ಅಧಿಕಾರಿ ಸ್ಫ್ರಾಂಟ್ಜೆಸ್ ಆಯುಧ ಹಿಡಿಯಬಲ್ಲ ಗ್ರೀಕರನ್ನು ಎಣಿಸಿದಾಗ 5,000 ಕೂಡ ಆಗಲಿಲ್ಲ, ಆ ಸಂಖ್ಯೆಯನ್ನು ಗುಟ್ಟಾಗಿಡಬೇಕಾಯಿತು. ಹಾಗಾಗಿ ಆಟಗಾರನಿಗೆ ಸದಾ ಕೊರತೆ ಬೀಳುವ ಸಂಪನ್ಮೂಲ ಹಣವಲ್ಲ, ಜನ. ಒಬ್ಬನೇ ವ್ಯಕ್ತಿ ರಾತ್ರಿ ಪೀಪಾಯಿ ಹೊತ್ತರೆ ಬೆಳಿಗ್ಗೆ ಕಾವಲಿಗೆ ನಿದ್ದೆಗಣ್ಣಲ್ಲಿ ನಿಲ್ಲುತ್ತಾನೆ. ಇಷ್ಟೇ ಸಾಕು, ಒಂದು ಪೂರ್ತಿ ಗೇಮ್.

ನಗರದ ಭೂಭಾಗದ ಗೋಡೆ ಸುಮಾರು 6 ಕಿಲೋಮೀಟರ್. ನಿಮಗೆ ಬೇಕಾದ್ದು ಸೇಂಟ್ ರೊಮಾನಸ್ ಬಾಗಿಲ ಬಳಿಯ ನೂರು ಮೀಟರ್, ಒಂದೇ ಕೋನದಿಂದ. ಮೆಹಮದನ ಸೈನ್ಯ ಕಾಣುವುದು ದೂರದ ಬೆಂಕಿಗಳಾಗಿ, ಕೇಳುವುದು ನಗಾರಿಯಾಗಿ. ಏಪ್ರಿಲ್ 22ರಂದು ಹಡಗುಗಳನ್ನು ನೆಲದ ಮೇಲೆ ಎಳೆದು ನಗರದ ಬಂದರಾದ ಗೋಲ್ಡನ್ ಹಾರ್ನ್‌ಗೆ ಇಳಿಸಿದ ಘಟನೆಯನ್ನು ತೋರಿಸಲೇಬೇಕೆಂಬ ಆಸೆ ಬರುತ್ತದೆ, ಬಾರದೇ ಇರುವುದೇ ಆಶ್ಚರ್ಯ. ತೋರಿಸಬೇಡಿ. ಸುದ್ದಿ ಬಂತು, ನಿಮ್ಮ ಜನರಲ್ಲಿ ಹತ್ತು ಮಂದಿಯನ್ನು ಬಂದರಿನ ಗೋಡೆಗೆ ಕರೆದೊಯ್ದರು, ಅಷ್ಟೇ. ಖರ್ಚು ಎರಡು ಸಾಲು ಪಠ್ಯ, ಪರಿಣಾಮ ಮಾತ್ರ ದೊಡ್ಡದು. 2018ರಲ್ಲಿ ಬಂದ ಲೂಕಸ್ ಪೋಪ್ ಅವರ ಗೇಮ್ 'ರಿಟರ್ನ್ ಆಫ್ ದಿ ಓಬ್ರಾ ಡಿನ್' 1807ರ ಒಂದೇ ಹಡಗಿನೊಳಗೆ, ಎರಡೇ ಬಣ್ಣಗಳಲ್ಲಿ ನಡೆಯುತ್ತದೆ. ಅಷ್ಟು ಬಿಗಿ ಮಾಡಿದ ಮೇಲೂ ಅದಕ್ಕೆ ವರ್ಷಗಳೇ ಹಿಡಿದವು.

ಕೊನೆ ಎಲ್ಲರಿಗೂ ಗೊತ್ತು: ಮೇ 29ಕ್ಕೆ ನಗರ ಬೀಳುತ್ತದೆ. ಅದನ್ನು ತಪ್ಪಿಸುವ ಪರ್ಯಾಯ ಇತಿಹಾಸಕ್ಕೆ ಕೈಹಾಕಿದರೆ ಕೆಲಸ ಇಮ್ಮಡಿಯಾಗುತ್ತದೆ. ಗೆಲುವನ್ನು ಬೇರೆಡೆ ಇಡಿ, ಉದಾಹರಣೆಗೆ ನಿಮ್ಮ ಗುಂಪಿನಲ್ಲಿ ಆ ದಿನದವರೆಗೆ ಬದುಕಿ ಉಳಿದವರು ಎಷ್ಟು ಎಂಬುದರಲ್ಲಿ.

ಗಂಟೆಗಳ ಲೆಕ್ಕ

ವಾರಕ್ಕೆ ನಿಜವಾಗಿ ಸಿಗುವ ಗಂಟೆ ಎಷ್ಟು? 10 ಎಂದಿಟ್ಟುಕೊಂಡರೆ 50 ವಾರಕ್ಕೆ 500. ಅದರಲ್ಲಿ ಮೂರನೇ ಒಂದು ಭಾಗವನ್ನು ಮೊದಲೇ ಪಕ್ಕಕ್ಕಿಡಿ: ಮೆನು, ಸೇವ್ ವ್ಯವಸ್ಥೆ, ಸೆಟ್ಟಿಂಗ್ಸ್, ಬಗ್, ಪರೀಕ್ಷೆ, ಟ್ರೈಲರ್. ಇವನ್ನು ಯಾರೂ ಯೋಜನೆಯಲ್ಲಿ ಬರೆಯುವುದಿಲ್ಲ, ಎಲ್ಲರೂ ಮಾಡಲೇಬೇಕಾಗುತ್ತದೆ. ಉಳಿದದ್ದು ಸುಮಾರು 330 ಗಂಟೆ.

ಮೊದಲ ಎರಡು ವಾರ ಬರೀ ಬೂದು ಚೌಕಗಳಲ್ಲಿ ಒಂದು ಹಗಲು, ಒಂದು ರಾತ್ರಿ ಆಡುವಂತೆ ಮಾಡಿ. ಐದು ಜನರ ಕೈಗೆ ಕೊಡಿ, ಪಕ್ಕದಲ್ಲಿ ಕೂತು ಏನನ್ನೂ ವಿವರಿಸಬೇಡಿ. ಮತ್ತೊಂದು ರಾತ್ರಿ ಆಡಬೇಕೆಂದು ಅವರಾಗಿಯೇ ಕೇಳದಿದ್ದರೆ ನಿಯಮ ಬದಲಿಸಿ. ಚಿತ್ರ ಚೆನ್ನಾಗಿಲ್ಲದ್ದರಿಂದ ಹೀಗಾಯಿತು ಎಂಬ ಸಮಾಧಾನ ಬಹಳ ದುಬಾರಿ ಬೀಳುತ್ತದೆ.

ಆಮೇಲೆ ಒಂದೇ ರಾತ್ರಿಯನ್ನು ಕೊನೆಯ ಗುಣಮಟ್ಟದ ಚಿತ್ರ, ಸದ್ದು, ಪಠ್ಯದೊಂದಿಗೆ ಪೂರ್ತಿ ಮಾಡಿ, ಗಂಟೆ ಬರೆದಿಡಿ. 60 ಗಂಟೆ ಹಿಡಿದು, ಅದರಲ್ಲಿ 15 ಆ ರಾತ್ರಿಗಷ್ಟೇ ಸೇರಿದ ಕೆಲಸ ಎಂದುಕೊಳ್ಳೋಣ. ಮುತ್ತಿಗೆ 53 ದಿನದ್ದು. ಇನ್ನು 52 ರಾತ್ರಿ ಎಂದರೆ 780 ಗಂಟೆ, ಸಾಧ್ಯವೇ ಇಲ್ಲ. 12 ರಾತ್ರಿ ಆರಿಸಿದರೆ ಬಾಕಿ 11ಕ್ಕೆ 165, ಒಟ್ಟು 225. ಮಿಕ್ಕ ನೂರು ಗಂಟೆಯಲ್ಲಿ ಹೊಸದೇನನ್ನೋ ಸೇರಿಸುವ ಯೋಚನೆ ಬೇಡ, ಅಂದಾಜು ತಪ್ಪಿದಾಗ ತಾನಾಗಿಯೇ ಖರ್ಚಾಗುತ್ತದೆ.

ಗುಣಾಕಾರದ ಬಗ್ಗೆ ಎಚ್ಚರ. 4 ಪಕ್ಷ, ತಲಾ 6 ಬಗೆಯ ಸೈನಿಕರು, ತಲಾ 5 ಚಲನೆ ಎಂದರೆ 120 ಅನಿಮೇಶನ್. ಒಂದಕ್ಕೆ ಎರಡೇ ಗಂಟೆ ಎಂದರೂ 240. ಟಿಪ್ಪಣಿಯಲ್ಲಿ 'ತಲಾ' ಎಂಬ ಪದ ಎರಡು ಸಲ ಬಂದರೆ ಆ ಸಾಲನ್ನು ಅಳಿಸಿ.

ಸಂಶೋಧನೆ ಎಲ್ಲಿ ನಿಲ್ಲಬೇಕು

ಓದು ಕೆಲಸದಂತೆಯೇ ಕಾಣುವುದರಿಂದ ತಿಂಗಳುಗಟ್ಟಲೆ ಅಲ್ಲೇ ಉಳಿದುಬಿಡುವುದು ಸುಲಭ. ಪ್ರೊಟೊಟೈಪ್ (ಬೂದು ಚೌಕಗಳ ಆ ಮೊದಲ ಮಾದರಿ) ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹುಡುಕಿ: ಬಿರುಕಿನ ಮುಂದೆ ಉಣ್ಣೆಯ ಮೂಟೆ ತೂಗುಹಾಕಿದರೆ ಪ್ರಯೋಜನವಿತ್ತೇ? ಹಾಗೆ ತೂಗುಹಾಕಿದ್ದೂ ನಿಜ, ಹೆಚ್ಚು ಉಪಯೋಗವಾಗದ್ದೂ ನಿಜ. ಸೇರಿಸಿ, ದುರ್ಬಲವಾಗಿಡಿ. ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ವಿವರದ ಮುಂದೆ ದಾಖಲೆ, ಊಹೆ, ಕಲ್ಪನೆ ಎಂದು ಗುರುತಿಸಿದರೆ ಮುಂದೆ ಆಟಗಾರರು ಪ್ರಶ್ನಿಸಿದಾಗ ತಡಕಾಡಬೇಕಿಲ್ಲ. ಹಳೆಯ ದಿನಚರಿಗೆ ಕಾಪಿರೈಟ್ ಇಲ್ಲದಿದ್ದರೂ ಅದರ ಇತ್ತೀಚಿನ ಅನುವಾದಕ್ಕೆ ಇರಬಹುದು, ಸಾಲುಗಳನ್ನು ಹಾಗೇ ಎತ್ತಬೇಡಿ. ಉಡುಪು, ಉಪಕರಣಗಳ ಚಿತ್ರಕ್ಕೆ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಸಿಸಿಝೀರೊ (ಯಾರು ಬೇಕಾದರೂ ಬಳಸಬಹುದು ಎಂಬ) ಗುರುತಿನಡಿ ಮುಕ್ತವಾಗಿ ಬಿಟ್ಟ ಸಂಗ್ರಹವಿದೆ.

ಎಂಜಿನ್, ಅಂದರೆ ಗೇಮ್ ಕಟ್ಟುವ ತಂತ್ರಾಂಶ, ನಿಮಗೆ ಈಗಾಗಲೇ ಬರುವುದೇ ಇರಲಿ. ಗೇಮ್‌ನಲ್ಲಿ ಕನ್ನಡ ಪಠ್ಯವೂ ಇರುವುದಾದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ ಎಂದು ಮೊದಲ ದಿನವೇ ನೋಡಿ. ಗೊಡೊ 4 ಎಂಜಿನ್‌ನಲ್ಲಿ ತೊಂದರೆ ಕಡಿಮೆ, ಯೂನಿಟಿ ಎಂಜಿನ್‌ನಲ್ಲಿ ಪಠ್ಯ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ಅದನ್ನು ತಾನಾಗಿ ಸರಿಯಾಗಿ ಜೋಡಿಸುವುದಿಲ್ಲ.

ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ಮಾರುವುದಿದ್ದರೆ ಪ್ರತಿ ಗೇಮ್‌ಗೆ 100 ಡಾಲರ್ ಶುಲ್ಕ, ಕಟ್ಟಿದ ಮೇಲೆ 30 ದಿನದ ಕಾಯುವಿಕೆ, 'ಶೀಘ್ರದಲ್ಲೇ' ಪುಟ ಕನಿಷ್ಠ 2 ವಾರ ತೆರೆದಿರಬೇಕು. ಇವನ್ನು ಕ್ಯಾಲೆಂಡರ್‌ನಲ್ಲಿ ಈಗಲೇ ಹಾಕಿ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸ್ ಪಡೆಯಬಹುದು. ರಾತ್ರಿಗೆ 12 ನಿಮಿಷದಂತೆ 12 ರಾತ್ರಿ 144 ನಿಮಿಷವಾಗುತ್ತದೆ, ಗಡಿ ದಾಟುತ್ತದೆ. ಗಂಟೆ ಸಾಲದೆ 8 ರಾತ್ರಿಗೆ ಇಳಿಸಬೇಕಾಗಿ ಬಂದರೆ 96 ನಿಮಿಷ, ಪೂರ್ತಿ ಆಡಿ ಮುಗಿಸಿದವರೂ ಹಣ ವಾಪಸ್ ಕೇಳಬಹುದು. ಆಗ ಬೆಲೆ ಇಳಿಸಿ, ರಾತ್ರಿಗಳನ್ನು ಎಳೆದಾಡಿ ಉದ್ದ ಮಾಡಬೇಡಿ.