ಸ್ಯಾಂಪಲ್ ನೂರು, ಕಾಲಂ ನಾನೂರು: ಕಾಫಿ ಪುಡಿಯ ರೋಹಿತ ಓದಿದ ನನ್ನ ಅನುಭವ

ಹಸಿರು ಕಾಫಿ ಬೀಜ ಇಡಿಯಾಗಿದ್ದರೆ ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಎಂದು ಕೊಡಗಿನ ತೋಟದ ಮನೆಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅರೇಬಿಕಾ ಉದ್ದಕ್ಕಿದ್ದು ನಡುವಿನ ಗೀರು ಬಾಗಿರುತ್ತದೆ. ರೋಬಸ್ಟಾ ಗುಂಡಗಿದ್ದು ಗೀರು ನೇರ. ಪುಡಿ ಮಾಡಿದ ಮೇಲೆ ಈ ಗುರುತು ಉಳಿಯುವುದಿಲ್ಲ. ಆ ಪುಡಿಯ ಮೇಲೆ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಹಿಂದಿರುಗಿದ ಬೆಳಕನ್ನು ಅಳೆದು ಎರಡನ್ನೂ ಬೇರ್ಪಡಿಸಬಹುದೇ ಎಂಬುದು ನಾನು ಹಿಡಿದ ಕೆಲಸ. ಒಳಗಿನ ವ್ಯತ್ಯಾಸವೇನೋ ಇದ್ದೇ ಇದೆ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ. 1.2, ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಕೊಬ್ಬು ಮಾತ್ರ ಅರೇಬಿಕಾದಲ್ಲೇ ಹೆಚ್ಚು.

ನನ್ನ ಉಪಕರಣ 900ರಿಂದ 1700 ನ್ಯಾನೊಮೀಟರ್‌ವರೆಗೆ 2 ನ್ಯಾನೊಮೀಟರ್‌ಗೊಂದರಂತೆ ಓದುತ್ತದೆ. ಒಂದು ಸ್ಯಾಂಪಲ್‌ಗೆ 401 ಅಂಕಿ; ಆ ಅಂಕಿಗಳ ಸಾಲೇ ಅದರ ರೋಹಿತ (ಸ್ಪೆಕ್ಟ್ರಮ್). ಸ್ಯಾಂಪಲ್‌ಗಳೋ ನೂರರ ಆಸುಪಾಸು. ಸಾಲಿಗಿಂತ ಕಾಲಂ ಹೆಚ್ಚಿರುವ ಇಂಥ ಕೋಷ್ಟಕದಲ್ಲಿ ತಪ್ಪುಗಳ ವರ್ಗಗಳ ಮೊತ್ತವನ್ನು ಕನಿಷ್ಠಕ್ಕಿಳಿಸುವ ಸಾಮಾನ್ಯ ಲೀಸ್ಟ್ ಸ್ಕ್ವೇರ್ಸ್ ಲೆಕ್ಕಕ್ಕೆ ಏನು ಕೊಟ್ಟರೂ ಹೊಂದಿಕೊಳ್ಳುತ್ತದೆ. ನಾಣ್ಯ ಚಿಮ್ಮಿ ‘ಅರೇಬಿಕಾ’, ‘ರೋಬಸ್ಟಾ’ ಎಂದು ಹೆಸರು ಬರೆದರೂ ಒಂದೂ ತಪ್ಪಿಲ್ಲದೆ ಉತ್ತರ ಕೊಟ್ಟುಬಿಡುತ್ತದೆ! ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ 1936ರಲ್ಲಿ ಮಂಡಿಸಿದ ದೂರದ ಅಳತೆ ಇಂಥ ವಿಂಗಡಣೆಗೆಂದೇ ಹೇಳಿ ಮಾಡಿಸಿದಂತಿದೆ. ಆದರೆ ಅದಕ್ಕೆ ಕಾಲಂಗಳು ಒಂದಕ್ಕೊಂದು ಹೇಗೆ ಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ ವಿಲೋಮ ಬೇಕು. 401 ಕಾಲಂಗಳಿಗೆ ಆ ಮ್ಯಾಟ್ರಿಕ್ಸ್‌ನಲ್ಲಿ 80,601 ಬೇರೆಬೇರೆ ಸಂಖ್ಯೆಗಳನ್ನು ಅಂದಾಜಿಸಬೇಕಾಗುತ್ತದೆ. ನೂರು ಸ್ಯಾಂಪಲ್‌ನಿಂದ ಬರುವ ಮ್ಯಾಟ್ರಿಕ್ಸ್‌ನ ರ‍್ಯಾಂಕ್ (ಒಂದರಿಂದೊಂದು ಬಾರದ ಸಾಲುಗಳ ಎಣಿಕೆ) 99 ದಾಟುವುದಿಲ್ಲ, ಹಾಗಾಗಿ ವಿಲೋಮವೇ ಇಲ್ಲ. ಮೊದಲು ಆಯಾಮ (ಕಾಲಂಗಳ ಸಂಖ್ಯೆ) ಇಳಿಸಬೇಕು, ಇಲ್ಲವೇ ಅಂದಾಜನ್ನು ಕುಗ್ಗಿಸಬೇಕು.

ಇವಕ್ಕೆಲ್ಲ ದಾರಿಗಳಿವೆ, ಮುಂದೆ ಹೇಳುತ್ತೇನೆ. ನನಗೆ ಹೆಚ್ಚು ತಲೆಬಿಸಿ ಕೊಟ್ಟದ್ದು ಗಣಿತವಲ್ಲ, ನಮ್ಮೂರಿನ ಕೊಯ್ಲು. ಅರೇಬಿಕಾ ನವೆಂಬರ್ ಹೊತ್ತಿಗೆ ಹಣ್ಣಾಗುತ್ತದೆ, ರೋಬಸ್ಟಾ ಬರುವುದು ಅದರ ಕೆಲಸ ಮುಗಿಯುತ್ತ ಬಂದಾಗ. ಬಂದಹಾಗೆ ಅಳೆಯುತ್ತ ಹೋದರೆ ಒಂದು ಜಾತಿಯೆಲ್ಲ ಮೊದಲು, ಇನ್ನೊಂದು ಜಾತಿಯೆಲ್ಲ ಆಮೇಲೆ. ಈ ನಡುವೆ ಉಪಕರಣದ ದೀಪ ಸ್ವಲ್ಪ ಮಂಕಾದರೂ, ಕೋಣೆಯ ಚಳಿ ಬದಲಾದರೂ ಮಾಡೆಲ್ ಅದನ್ನೇ ಜಾತಿಯ ಗುರುತೆಂದು ಕಲಿತುಬಿಡುತ್ತದೆ. ಆದ್ದರಿಂದ ಅರೇಬಿಕಾವನ್ನು ಗಾಳಿಯಾಡದ ಡಬ್ಬಿಗಳಲ್ಲಿ ಮುಚ್ಚಿಟ್ಟು, ರೋಬಸ್ಟಾ ಒಣಗುವವರೆಗೆ ಕಾದು, ಎರಡನ್ನೂ ಚೀಟಿ ಎತ್ತಿದ ಕ್ರಮದಲ್ಲಿ ಹಿಂದುಮುಂದಾಗಿ ಅಳೆದೆ. ಮಳೆ ಹಿಡಿಯುವ ಮುಂಚೆ ಮುಗಿಸಲೇಬೇಕಿತ್ತು. ನೀರು 1450 ನ್ಯಾನೊಮೀಟರ್ ಸುತ್ತ ಬೆಳಕನ್ನು ಬಲವಾಗಿ ಹೀರುತ್ತದೆ; ಮಡಿಕೇರಿಯ ಜುಲೈ ಗಾಳಿಯಲ್ಲಿ ತೆರೆದಿಟ್ಟ ಪುಡಿಯ ರೋಹಿತದಲ್ಲಿ ಕಾಫಿಗಿಂತ ತೇವವೇ ಎದ್ದು ಕಾಣುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಕಾಫಿ ಒಣಗಿಸುವ ಕಣದಲ್ಲಿತ್ತು. ನಮ್ಮಲ್ಲಿ ಅರೇಬಿಕಾವನ್ನು ಹೆಚ್ಚಾಗಿ ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ಬಿಡಿಸಿ), ತೊಳೆದು ಪಾರ್ಚ್‌ಮೆಂಟ್ ಮಾಡುತ್ತಾರೆ; ರೋಬಸ್ಟಾವನ್ನು ಹೆಚ್ಚಾಗಿ ಹಣ್ಣಿನ ಸಮೇತ ಒಣಗಿಸಿ ಚೆರಿ ಮಾಡುತ್ತಾರೆ. ಸಿಕ್ಕಿದ್ದನ್ನೇ ತಂದರೆ ಮಾಡೆಲ್ ಹೇಳುವುದು ಜಾತಿಯನ್ನೋ ಸಂಸ್ಕರಣೆಯನ್ನೋ ಎಂದು ತಿಳಿಯಲು ದಾರಿಯೇ ಇರುವುದಿಲ್ಲ. ಸಾವಿರ ಸ್ಯಾಂಪಲ್ ಕೂಡಿಸಿದರೂ, ಎಂಥ ನ್ಯೂರಲ್ ನೆಟ್‌ವರ್ಕ್ ಹಾಕಿದರೂ ಈ ಗಂಟು ಬಿಚ್ಚುವುದಿಲ್ಲ. ರೋಬಸ್ಟಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ ಎರಡನ್ನೂ ಹುಡುಕಿಯೇ ತರಬೇಕು. ಪರಿಚಯದ ಬೆಳೆಗಾರರೊಬ್ಬರು, ‘ಅರೇಬಿಕಾ ಚೆರಿ ಎಂತಕ್ಕೆ? ಒಳ್ಳೆ ಪಾರ್ಚ್‌ಮೆಂಟೇ ಉಂಟಲ್ಲ, ತಗೊಂಡು ಹೋಗಿ’ ಅಂದರು. ಕಾರಣ ವಿವರಿಸಿದಾಗ ಅವರಿಗೆ ಕೂಡಲೇ ಅರ್ಥವಾಯಿತು. ಒಂದಿಷ್ಟು ಹಣ್ಣನ್ನು ನನಗಾಗಿ ಬೇರೆಯೇ ಒಣಗಿಸಿಕೊಟ್ಟರು.

ಪುಡಿಯ ಕಣ ದಪ್ಪವೋ ಸಣ್ಣವೋ ಎಂಬುದರ ಮೇಲೂ ಬೆಳಕು ಚೆದುರುತ್ತದೆ. ಅದಕ್ಕೆ ಎಸ್‌ಎನ್‌ವಿ ಬಳಸಿದೆ: ಪ್ರತಿ ರೋಹಿತದಿಂದ ಅದರದೇ ಸರಾಸರಿ ಕಳೆದು, ಅದರದೇ ಪ್ರಮಾಣ ವಿಚಲನೆಯಿಂದ ಭಾಗಿಸುವುದು. ಇದರಲ್ಲಿ ಒಂದು ಸಾಲಿಗೆ ಇನ್ನೊಂದು ಸಾಲಿನ ಸುದ್ದಿ ತಟ್ಟುವುದಿಲ್ಲ, ಆದ್ದರಿಂದ ಡೇಟಾವನ್ನು ಮಾಡೆಲ್‌ನ ತರಬೇತಿಗೆ, ಪರೀಕ್ಷೆಗೆ ಎಂದು ಭಾಗ ಮಾಡುವ ಮೊದಲೇ ಮಾಡಬಹುದು. ಎಂಎಸ್‌ಸಿ ಎಂಬ ಇನ್ನೊಂದು ವಿಧಾನಕ್ಕೆ ಎಲ್ಲ ಸ್ಯಾಂಪಲ್‌ಗಳ ಸರಾಸರಿ ರೋಹಿತ ಬೇಕು. ಅದನ್ನು ತರಬೇತಿಯ ಭಾಗದಿಂದಲೇ ಲೆಕ್ಕ ಹಾಕದಿದ್ದರೆ ಪರೀಕ್ಷೆಯ ಸುದ್ದಿ ಒಳಕ್ಕೆ ಸೋರುತ್ತದೆ. ಪಿಸಿಎ (ಹಲವು ಕಾಲಂಗಳನ್ನು ಕೆಲವಕ್ಕೆ ಇಳಿಸುವ ವಿಧಾನ), ಕಾಲಂ ಆಯ್ಕೆ ಎಲ್ಲಕ್ಕೂ ಇದೇ ನಿಯಮ. ಪೈಥಾನ್ ಭಾಷೆಯ ತಂತ್ರಾಂಶ ಸಂಗ್ರಹವಾದ ಸೈಕಿಟ್-ಲರ್ನ್‌ನ ಪೈಪ್‌ಲೈನ್‌ನೊಳಗೆ ಇಟ್ಟರೆ ಪ್ರತಿ ಸುತ್ತಿನಲ್ಲೂ ಇವು ಹೊಸದಾಗಿಯೇ ನಡೆಯುತ್ತವೆ.

ಭಾಗ ಮಾಡಿದ್ದು ತೋಟದ ಲೆಕ್ಕದಲ್ಲಿ. ಒಂದು ತೋಟದ ಸ್ಯಾಂಪಲ್‌ಗಳು ಒಂದೇ ಮಣ್ಣು, ಒಂದೇ ಎತ್ತರ, ಒಂದೇ ಒಣಗಿಸುವ ಕಣದವು, ಅಣ್ಣತಮ್ಮಂದಿರಂತೆ ಹೋಲುತ್ತವೆ. ಅರ್ಧ ತರಬೇತಿಗೆ, ಅರ್ಧ ಪರೀಕ್ಷೆಗೆ ಹೋದರೆ ಪರೀಕ್ಷೆಗೆ ಅರ್ಥವಿಲ್ಲ. ಗುಂಪುಗಳನ್ನು ಸರದಿಯಂತೆ ಪರೀಕ್ಷೆಗೆ ಇಡುವ ಗ್ರೂಪ್ ಕೆ-ಫೋಲ್ಡ್‌ನಲ್ಲಿ ಇಡೀ ತೋಟ ತರಬೇತಿಯಿಂದ ಹೊರಗುಳಿಯುತ್ತದೆ. ಹೋಲಿಕೆಗೆಂದು ಯಾದೃಚ್ಛಿಕ ವಿಭಜನೆಯನ್ನೂ ನಡೆಸಿ ನೋಡಿದೆ, ನಿಖರತೆ ಅಲ್ಲಿ ಎದ್ದು ಕಾಣುವಷ್ಟು ಹೆಚ್ಚಿತ್ತು. ಹೊಸ ತೋಟದ ಪುಡಿ ಬಂದಾಗ ನಿಜವಾಗುವುದು ತೋಟವಾರು ಬಂದ ಕಡಿಮೆ ಅಂಕಿಯೇ. ವರದಿಯಲ್ಲಿ ಅದನ್ನೇ ಬರೆದೆ. ಜಾತಿಯ ಹೆಸರುಗಳನ್ನು ಕಲಸಿ ಇಡೀ ಲೆಕ್ಕವನ್ನು ಮತ್ತೆ ಮತ್ತೆ ನಡೆಸಿದಾಗ ನಿಖರತೆ ಅರ್ಧದ ಸುತ್ತಮುತ್ತ ಸುಳಿದಾಡಿತು. ಅದನ್ನು ಕಂಡ ಮೇಲೆಯೇ ಪರೀಕ್ಷೆಯ ಭಾಗದ ಹೆಸರುಗಳು ಒಳಕ್ಕೆ ಸೋರುತ್ತಿಲ್ಲವೆಂಬ ಧೈರ್ಯ ಬಂದದ್ದು.

ಇನ್ನು ವಿಧಾನ. ರಾಬರ್ಟ್ ಟಿಬ್ಶಿರಾನಿ 1996ರಲ್ಲಿ ಕೊಟ್ಟ ಲಾಸೊ ಬೇಡದ ಕಾಲಂಗಳ ಗುಣಾಂಕವನ್ನು ಸೊನ್ನೆ ಮಾಡುತ್ತದೆ. ಆದರೆ ರೋಹಿತದಲ್ಲಿ 1200 ಮತ್ತು 1202 ನ್ಯಾನೊಮೀಟರ್ ಹೇಳುವುದು ಹತ್ತಿರಹತ್ತಿರ ಒಂದೇ ಸುದ್ದಿ. ಲಾಸೊ ಅವುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ, ನಾಲ್ಕು ಸ್ಯಾಂಪಲ್ ಬದಲಾದರೆ ಆಯ್ಕೆಯೂ ಬದಲು. 2005ರಲ್ಲಿ ಬಂದ, ಲಾಸೊವನ್ನೇ ತಿದ್ದಿದ ಎಲಾಸ್ಟಿಕ್ ನೆಟ್ ಅಕ್ಕಪಕ್ಕದವನ್ನು ಒಟ್ಟಿಗೆ ಉಳಿಸುತ್ತದೆ. ಅರ್ಧರ್ಧ ಸ್ಯಾಂಪಲ್ ಎತ್ತಿ ಹಲವು ಬಾರಿ ಓಡಿಸಿ, ಯಾವ ತರಂಗಾಂತರಗಳ ಪಟ್ಟಿ ಪದೇ ಪದೇ ಬರುತ್ತದೆ ಎಂದು ನೋಡಿದೆ. ಕೊಬ್ಬಿನ ಗುರುತು ಕಾಣುವ 1200ರ ಸುತ್ತಿನ ಪಟ್ಟಿ ಬಿಡದೆ ಬಂತು. ನೀರಿನ ಪಟ್ಟಿಯೂ ಇಣುಕುತ್ತಿತ್ತು. ಅದನ್ನು ತೆಗೆದುಹಾಕಿಯೂ ಮಾಡೆಲ್ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ನಂಬಿದೆ. ಕೊನೆಗೆ ಉಳಿಸಿಕೊಂಡದ್ದು, ಕಾಲಂಗಳನ್ನೆಲ್ಲ ಜಾತಿಯ ಜೊತೆ ಹೊಂದುವ ಕೆಲವೇ ಘಟಕಗಳಾಗಿ ಕೂಡಿಸುವ ಪಿಎಲ್‌ಎಸ್. ನಿಖರತೆಯಲ್ಲಿ ಎಲಾಸ್ಟಿಕ್ ನೆಟ್‌ಗಿಂತ ಭಿನ್ನವೇನೂ ಇರಲಿಲ್ಲ, ವಿವರಿಸುವುದು ಸುಲಭ.

ಅರೇಬಿಕಾ ಚೆರಿ ಇನ್ನೂ ಸಾಲದು. ಕೊನೆ ಕೊಯ್ಲಿನಲ್ಲಿ ಬೇಕಾದಷ್ಟು ಸಿಗುತ್ತದಲ್ಲ ಎನ್ನಬಹುದು. ಆದರೆ ಅದರಲ್ಲಿ ಕಾಯಿ, ಬಲಿತು ಗಿಡದಲ್ಲೇ ಒಣಗಿದ್ದು ಎಲ್ಲ ಸೇರಿರುತ್ತದೆ. ಜಾತಿಯ ಜೊತೆಗೆ ಹಣ್ಣಿನ ಹದವೂ ತಳುಕು ಹಾಕಿಕೊಳ್ಳುತ್ತದೆ. ಹಾಗಾಗಿ ಮುಂದಿನ ನವೆಂಬರ್‌ಗೆ ಇನ್ನಷ್ಟು ತೋಟಗಳಲ್ಲಿ ಮೊದಲ ಕೊಯ್ಲಿನ ಕೆಂಪು ಹಣ್ಣನ್ನೇ ಚೆರಿ ಮಾಡಿಕೊಡಲು ಕೇಳಿಕೊಂಡಿದ್ದೇನೆ.