ಸೋಮವಾರ ಬೆಳಿಗ್ಗೆ ಬೋರ್ಡ್ ಮೇಲೆ ಒಂದು ಸಂಖ್ಯೆ

ನಮ್ಮ ಕಂಪನಿ ಇರುವುದು ಬೆಳಗಾವಿಯ ಉದ್ಯಮಬಾಗದಲ್ಲಿ. ಸುತ್ತಮುತ್ತ ಫೌಂಡ್ರಿಗಳು, ಲೇತ್ ವರ್ಕ್‌ಶಾಪ್‌ಗಳು. ನಾವು ಮಷಿನ್‌ಗೆ ಜೋಡಿಸುವ ಒಂದು ಸಣ್ಣ ಡಬ್ಬಿ ಮಾಡುತ್ತೇವೆ. ಮಷಿನ್ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ಸುಮ್ನೆ ನಿಂತಿತು, ಎಷ್ಟು ಪೀಸ್ ಆಯಿತು ಅಂತ ಅದು ಮಾಲೀಕರ ಮೊಬೈಲ್‌ಗೆ ತಿಳಿಸುತ್ತದೆ. 2019ರಲ್ಲಿ ನಾನೂ ನನ್ನ ಕಾಲೇಜು ಗೆಳತಿಯೂ ಬೆಂಗಳೂರಿನ ಕೆಲಸ ಬಿಟ್ಟು ಬಂದು ಶುರು ಮಾಡಿದೆವು. ಈಗ ಹದಿನಾಲ್ಕು ಜನ ಇದ್ದೇವೆ.

ಮೊದಲ ಡಬ್ಬಿಗೆ ವೈಫೈ ಬೇಕಿತ್ತು. ಒಬ್ಬ ಮಾಲೀಕರು ಅದನ್ನು ತಿರುಗಿಸಿ ನೋಡಿ, "ಡಬ್ಬಿ ಛಲೋ ಐತ್ರಿ ಮೇಡಂ. ಆದ್ರ ನಮ್ಮ ಶೆಡ್‌ನ್ಯಾಗ ಫೋನೇ ಹತ್ತೂದಿಲ್ಲ. ಇದು ಹ್ಯಾಂಗ್ ನಡೀತೈತ್ರಿ?" ಅಂದರು. ಆಮೇಲೆ ಲೆಕ್ಕವನ್ನು ಡಬ್ಬಿಯೊಳಗೇ ಕೂಡಿಟ್ಟು, ನೆಟ್‌ವರ್ಕ್ ಸಿಕ್ಕಾಗ ಕಳಿಸುವ ಹಾಗೆ ಮಾಡಿದೆವು. ಇನ್ನೊಂದು ತೊಡಕು ನಮಗೆ ತಿಳಿಯಲು ಮೂರು ತಿಂಗಳು ಬೇಕಾಯಿತು. ಆಪರೇಟರ್‌ಗಳು ಡಬ್ಬಿಯ ವಯರ್ ಕಿತ್ತಿಡುತ್ತಿದ್ದರು. ತಮ್ಮ ಮೇಲೆ ಕಣ್ಣಿಡಲು ತಂದದ್ದು ಅಂತ ಅವರ ಭಯ. ಎರಡನೇ ಪಾಳಿಯಲ್ಲಿ ಅವರ ಜೊತೆ ಕೂತು ಮಾತಾಡಿದೆ. ಮಷಿನ್ ನಿಂತಾಗ ಕಾರಣ ಹೇಳಲು ಬಟನ್‌ಗಳನ್ನು ಹಾಕಿದೆವು: ಟೂಲ್ ಇಲ್ಲ, ಮಾಲು ಬಂದಿಲ್ಲ, ಕರೆಂಟ್ ಇಲ್ಲ. ಕನ್ನಡದಲ್ಲಿ, ಮರಾಠಿಯಲ್ಲಿ. ತಪ್ಪು ತಮ್ಮದಲ್ಲ ಅಂತ ತೋರಿಸಲು ಅವರಿಗೂ ಒಂದು ದಾರಿ ಸಿಕ್ಕಿತು. ವಯರ್ ಕೀಳುವುದು ನಿಂತಿತು.

ನನಗೆ ಕಂಪನಿ ನಡೆಸುವುದನ್ನು ನಿಜವಾಗಿ ಕಲಿಸಿದ್ದು 2022ರ ಒಂದು ದೊಡ್ಡ ಆರ್ಡರ್. ಒಂದು ಕಾರ್ಖಾನೆ 60 ಡಬ್ಬಿ ಕೇಳಿತು, ಒಂದಕ್ಕೆ 30 ಸಾವಿರ. ಒಟ್ಟು 18 ಲಕ್ಷ, ಮೇಲೆ 18% ಜಿಎಸ್‌ಟಿ, ಅಂದರೆ 3.24 ಲಕ್ಷ. ಖುಷಿಯಲ್ಲಿ ಅಡ್ವಾನ್ಸ್ ಕೇಳಲೇ ಇಲ್ಲ. ಮಾಲು ಕೊಟ್ಟೆವು, ಬಿಲ್ ಹಾಕಿದೆವು. ಗಿರಾಕಿ ದುಡ್ಡು ಕೊಡಲಿ ಬಿಡಲಿ, ಬಿಲ್ ಹಾಕಿದ ತಿಂಗಳ ಜಿಎಸ್‌ಟಿಯನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಬಿಡಿಭಾಗಗಳಿಗೆ ಕೊಟ್ಟಿದ್ದ ತೆರಿಗೆ ಕಳೆದರೂ ಕೈಯಿಂದ ಸುಮಾರು 2 ಲಕ್ಷ ಹೋಯಿತು. ಬಿಡಿಭಾಗದವರಿಗೆ ಆಗಲೇ 7 ಲಕ್ಷ ಕೊಟ್ಟಾಗಿತ್ತು. ಕಾರ್ಖಾನೆಯಿಂದ ಮಾತ್ರ ಐದು ತಿಂಗಳು ದುಡ್ಡು ಬರಲಿಲ್ಲ.

ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಆದರೆ ಈ ಕಾಯ್ದೆಯ ಆಸರೆ ಪಡೆಯಲು ಬೇಕಾದ, ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಯನ್ನು ನಾವು ಮಾಡಿಸಿರಲಿಲ್ಲ. ಮಾಲು ಕೊಟ್ಟ ಮೇಲೆ ಮಾಡಿಸಿದರೆ ಹಳೆಯ ಬಿಲ್‌ಗೆ ಅದು ಆಗ ನಡೆಯುತ್ತಿರಲಿಲ್ಲ. ನೋಂದಣಿಗೆ ಒಂದು ರೂಪಾಯಿ ಶುಲ್ಕವೂ ಇಲ್ಲ. ಈಗ ಯಾರೇ ಕಂಪನಿ ಶುರು ಮಾಡುತ್ತೇನೆ ಅಂದರೂ ನಾನು ಮೊದಲು ಹೇಳುವುದು ಇದನ್ನೇ.

ಆಗ ನಾವು ಒಂಬತ್ತು ಜನ. ತಿಂಗಳ ಖರ್ಚು 4 ಲಕ್ಷ ದಾಟುತ್ತಿತ್ತು, ಬ್ಯಾಂಕಿನಲ್ಲಿ ಇದ್ದದ್ದು 6 ಲಕ್ಷ. ಹುಡುಗರಿಗೆ ಹೇಳಿದರೆ ಬಿಟ್ಟು ಹೋಗುತ್ತಾರೆ ಅಂತ ಎರಡು ವಾರ ನುಂಗಿಕೊಂಡಿದ್ದೆ. ಅದು ನಾನು ಮಾಡಿದ ದೊಡ್ಡ ತಪ್ಪು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು. ಒಬ್ಬ ಆಗಲೇ ಬೇರೆ ಕಡೆ ಇಂಟರ್‌ವ್ಯೂ ಕೊಟ್ಟು ಬಂದಿದ್ದ.

ಒಂದು ಸೋಮವಾರ ಎಲ್ಲರನ್ನೂ ಕೂರಿಸಿ ಬ್ಯಾಂಕ್ ಲೆಕ್ಕ ತೋರಿಸಿದೆ. ಬೋರ್ಡ್ ಮೇಲೆ ದೊಡ್ಡದಾಗಿ 1.4 ಅಂತ ಬರೆದೆ. ಇಷ್ಟು ತಿಂಗಳಿಗೆ ಮಾತ್ರ ದುಡ್ಡಿದೆ ಅಂತ ಅರ್ಥ. ನಾವಿಬ್ಬರು ಸಂಬಳ ತೆಗೆದುಕೊಳ್ಳುವುದಿಲ್ಲ, ಕಡಿಮೆ ಸಂಬಳದವರಿಗೆ ಮೊದಲು ಪೂರ್ತಿ ಕೊಡುತ್ತೇವೆ, ಹೋಗಬೇಕು ಅನ್ನುವವರಿಗೆ ನಾವೇ ಕೆಲಸ ಹುಡುಕಿ ಕೊಡುತ್ತೇವೆ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸರ್ವಿಸ್ ನೋಡಿಕೊಳ್ಳುವ ಹುಡುಗ, "ಅಕ್ಕಾ, ಹಳೇ ಗಿರಾಕಿಗಳಿಗೆ ವರ್ಷದ ಸರ್ವಿಸ್ ಮುಂಗಡ ಕೇಳೋಣಲ್ಲಾ?" ಅಂದ. ಅದು ನನಗೆ ಹೊಳೆದೇ ಇರಲಿಲ್ಲ. ಹತ್ತು ಪರ್ಸೆಂಟ್ ರಿಯಾಯಿತಿ ಕೊಟ್ಟು ಕೇಳಿದೆವು. ಹನ್ನೊಂದು ವರ್ಕ್‌ಶಾಪ್‌ನವರು ಕೊಟ್ಟರು. ವೈಫೈ ಬಗ್ಗೆ ಕೇಳಿದ್ದ ಮಾಲೀಕರು ಮೊದಲ ದಿನವೇ ಚೆಕ್ ಬರೆದರು. ಇಂಟರ್‌ವ್ಯೂ ಕೊಟ್ಟಿದ್ದ ಹುಡುಗ ಹೋದ. ಉಳಿದವರು ನಿಂತರು.

ಈಗ 40% ಅಡ್ವಾನ್ಸ್ ಇಲ್ಲದೆ ಯಾವ ಆರ್ಡರೂ ತೆಗೆದುಕೊಳ್ಳುವುದಿಲ್ಲ. ಇದರಿಂದ ಎರಡು ದೊಡ್ಡ ಆರ್ಡರ್ ತಪ್ಪಿದವು, ಬೇಜಾರಿಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ನಿಯಮವೂ ನಮ್ಮಂಥವರಿಗೆ ಬಲ ಕೊಟ್ಟಿದೆ. ಗಡುವಿನೊಳಗೆ ನಮಗೆ ದುಡ್ಡು ಕೊಡದಿದ್ದರೆ, ಕೊಡುವ ತನಕ ಗಿರಾಕಿ ಆ ಖರ್ಚನ್ನು ತನ್ನ ಲೆಕ್ಕದಲ್ಲಿ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳುವ ಹಾಗಿಲ್ಲ. ಮಾರ್ಚ್ ಬಂದರೆ ಅವರ ಅಕೌಂಟೆಂಟ್‌ಗಳೇ ಫೋನ್ ಮಾಡುತ್ತಾರೆ.

ಬೋರ್ಡ್ ಮೇಲಿನ ಸಂಖ್ಯೆ ಬರೆಯುವುದನ್ನು ನಿಲ್ಲಿಸಿಲ್ಲ. ಈಗ ಅದನ್ನು ಬರೆಯುವುದು ಆ ಸರ್ವಿಸ್ ಹುಡುಗ. ನಾವು ಬೇರೆಯವರಿಗೆ ಕೊಡುವಾಗ ಹಿಡಿದಿಟ್ಟ ತೆರಿಗೆ ಟಿಡಿಎಸ್ 7ಕ್ಕೆ, ಕೆಲಸಗಾರರ ವಿಮೆಯ ಇಎಸ್‌ಐ 15ಕ್ಕೆ, ಜಿಎಸ್‌ಟಿ 20ಕ್ಕೆ ಕಟ್ಟುವುದನ್ನೆಲ್ಲ ಕಳೆದೇ ಲೆಕ್ಕ ಹಾಕುತ್ತಾನೆ. ಈ ಸೋಮವಾರ 7.5 ಅಂತ ಬರೆದ.