ಅಲ್ಯೂಮಿನಿಯಂ ಬಿಟ್ಟು ಕಾಂಬೊ ಟ್ರೇಲರ್ ಯಾಕೆ ತಗೊಂಡೆ

ಅಮೆರಿಕದ ಇಂಡಿಯಾನಾಪೊಲಿಸ್ ಹತ್ತಿರದ ಪಂಜಾಬಿ ಡಾಬಾದಲ್ಲಿ ಪರೋಟ ತಿನ್ನುತ್ತಾ ಕೂತರೆ ಯಾರಾದರೊಬ್ಬರು ಬಂದು ಕೇಳೇ ಕೇಳುತ್ತಾರೆ. "ಫ್ಲ್ಯಾಟ್‌ಬೆಡ್ ಓಡಿಸ್ತೀಯಾ, ಸರಿ. ಅಲ್ಯೂಮಿನಿಯಂ ಯಾಕೆ ತಗೊಳ್ಳಲಿಲ್ಲ?" ಫ್ಲ್ಯಾಟ್‌ಬೆಡ್ ಅಂದರೆ ಗೋಡೆ, ಚಾವಣಿ ಇಲ್ಲದ ಬರೀ ನೆಲದ ಟ್ರೇಲರ್. ನಾನು ತಗೊಂಡಿದ್ದು ಕಾಂಬೊ. ಅಂದರೆ ಕೆಳಗಿನ ಎರಡು ಉದ್ದ ತೊಲೆಗಳು ಸ್ಟೀಲು, ಮೇಲಿನ ನೆಲ ಮತ್ತು ಅಂಚಿನ ರೈಲು ಅಲ್ಯೂಮಿನಿಯಂ. ಅಡ್ಡ ತೊಲೆಗಳು ಕಂಪನಿ ನೋಡಿಕೊಂಡು ಎರಡರಲ್ಲಿ ಯಾವುದಾದರೂ ಇರುತ್ತವೆ. ನನ್ನದರಲ್ಲಿ ಸ್ಟೀಲು. 48 ಅಡಿ ಉದ್ದ, 102 ಇಂಚು ಅಗಲ, ಹಿಂದಿನ ಎರಡು ಆಕ್ಸಲ್ ನಡುವೆ ಹತ್ತಡಿ ಅಂತರ.

ಉತ್ತರ ನನ್ನ ಹೊರೆಯಲ್ಲೇ ಇದೆ. ಮಿಷಿಗನ್ ಸರೋವರದ ದಂಡೆಯಲ್ಲಿ ಗ್ಯಾರಿ, ಬರ್ನ್ಸ್ ಹಾರ್ಬರ್ ಅಂತ ಉಕ್ಕಿನ ಊರುಗಳಿವೆ. ಅಲ್ಲಿಂದ ಸ್ಟೀಲ್ ಕಾಯಿಲ್, ಅಂದರೆ ಉಕ್ಕಿನ ತಗಡಿನ ಸುರುಳಿ, ಹೇರಿಕೊಂಡು ಕೆಂಟಕಿ, ಟೆನೆಸೀ, ಅಲಬಾಮಾ ಕಡೆಗೆ ಹೋಗುತ್ತೇನೆ. ವಾಪಸ್ ಬರುವಾಗ ಪೈನ್ ಮರದ ಹಲಗೆ, ಕೆಲವೊಮ್ಮೆ ಪೈಪು. ನಾನು ಹೊಸಪೇಟೆ ಕಡೆಯವನು. ಚಿಕ್ಕವನಿದ್ದಾಗ ತೋರಣಗಲ್ಲಿನಿಂದ ಬರುವ ಟ್ರೇಲರ್ ನೋಡಿ, ಇಷ್ಟುದ್ದ ಗಾಡಿಗೆ ಒಂದೇ ಒಂದು ಸುರುಳಿ ಹಾಕಿದ್ದಾರಲ್ಲ, ಸುಮ್ನೆ ಜಾಗ ಹಾಳು ಅಂದುಕೊಳ್ಳುತ್ತಿದ್ದೆ. ಆ ಒಂದೇ ಸುರುಳಿ ಇಪ್ಪತ್ತು ಟನ್ ದಾಟುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಮೊದಲ ಎಂಟು ತಿಂಗಳು ಬಾಡಿಗೆಗೆ ತಗೊಂಡು ಓಡಿಸಿದ್ದು ಪೂರ್ತಿ ಅಲ್ಯೂಮಿನಿಯಂ ಟ್ರೇಲರನ್ನೇ. ನಿಜ ಹೇಳಬೇಕಂದರೆ ಖುಷಿಯಾಗಿತ್ತು. ಹಗುರ, ತುಕ್ಕಿಲ್ಲ, ತೊಳೆದರೆ ಬೆಳ್ಳಿ ತಟ್ಟೆ. ಖಾಲಿ ಇದ್ದಾಗ ಪಕ್ಕದಿಂದ ನೋಡಿದರೆ ನಡು ಬಿಲ್ಲಿನ ಹಾಗೆ ಮೇಲಕ್ಕೆ ಉಬ್ಬಿರುತ್ತದೆ. ಅದೇನೂ ದೋಷವಲ್ಲ, ಬೇಕೆಂದೇ ಹಾಗೆ ಕಟ್ಟಿರುತ್ತಾರೆ. ಅಲ್ಯೂಮಿನಿಯಂ ತೂಕ ಸ್ಟೀಲಿನ ಮೂರನೇ ಒಂದು ಪಾಲು. ಬಾಗದೆ ನಿಲ್ಲುವ ಗುಣವೂ ಹೆಚ್ಚುಕಡಿಮೆ ಮೂರನೇ ಒಂದು ಪಾಲೇ. ಅದಕ್ಕೇ ತೊಲೆಯನ್ನು ದಪ್ಪ ಮಾಡಿ, ಬೆನ್ನು ಉಬ್ಬಿಸಿ ಕೊಡುತ್ತಾರೆ. ಹೊರೆ ಬಿದ್ದಾಗ ನೇರವಾಗುತ್ತದೆ. ಹಲಗೆಯಂಥ ಹೊರೆ ಉದ್ದಕ್ಕೂ ಹರಡಿ ಕೂತರೆ ಏನೂ ಗೊತ್ತಾಗಲ್ಲ. ಕಾಯಿಲ್ ಹಾಗಲ್ಲ, ನಾಲ್ಕೇ ಅಡಿ ಜಾಗದಲ್ಲಿ ಪೂರ್ತಿ ಭಾರ ಕೂರುತ್ತದೆ. ಹೊರಟ ಮೊದಲ 50 ಮೈಲಿಯೊಳಗೆ ನಿಲ್ಲಿಸಿ ಕಟ್ಟು ನೋಡಬೇಕು ಅಂತ ಕಾನೂನೇ ಇದೆ. ಆ ಟ್ರೇಲರಿನಲ್ಲಿ ತೊಲೆ ಬಾಗಿ ಪ್ರತಿ ಸಲವೂ ಒಂದೆರಡು ಚೈನು ಸಡಿಲ ಸಿಗುತ್ತಿದ್ದವು.

ಎಂಟನೇ ತಿಂಗಳಲ್ಲಿ ಒಂದು ಅಡ್ಡ ತೊಲೆ ಸೀಳಿತು. ಕಾಯಿಲ್ ಇಡುವಾಗ ಯಾರೋ ಸ್ವಲ್ಪ ಜೋರಾಗಿಯೇ ಇಳಿಸಿದ್ದರು. ಸೀಳು ಕೂದಲೆಳೆಯಷ್ಟು. ಬೆರಳಿನ ಉಗುರು ಎಳೆದಾಗ ಸಿಕ್ಕಿಕೊಂಡಿದ್ದಕ್ಕೆ ಗೊತ್ತಾಯಿತು. ಹತ್ತಿರದ ಮೂರು ಶಾಪುಗಳು ಅಲ್ಯೂಮಿನಿಯಂ ಮುಟ್ಟಲ್ಲ ಅಂದವು. ನಾಲ್ಕನೆಯವನು ಮಾಡಿಕೊಟ್ಟ, ಆದರೆ ನಾಲ್ಕು ದಿನ ಕಾಯಿಸಿದ. ವೆಲ್ಡಿಂಗ್ ಬಿಸಿಗೆ ಅಲ್ಯೂಮಿನಿಯಂ ಅಕ್ಕಪಕ್ಕ ಮೆತ್ತಗಾಗುತ್ತದೆ, ಮೊದಲಿನ ಬಲ ಪೂರ್ತಿ ವಾಪಸ್ ಬರಲ್ಲ ಅಂತ ಅವನೇ ಹೇಳಿದ. ಪೆನ್ಸಿಲ್ವೇನಿಯಾದ ರೈಟ್‌ನವರ್ ಕಂಪನಿಯವರು ಈ ತಲೆನೋವೇ ಬೇಡ ಅಂತ ಅಡ್ಡ ತೊಲೆಗಳನ್ನು ಬೋಲ್ಟ್ ಹಾಕಿಯೇ ಕೂಡಿಸುತ್ತಾರೆ. ಜಾಣತನದ ಕೆಲಸ. ಎಂದಾದರೂ ಅಲ್ಯೂಮಿನಿಯಂ ತಗೊಂಡರೆ ನಾನು ಮೊದಲು ನೋಡುವುದು ಅಂಥದ್ದನ್ನೇ.

ಇನ್ನು ತೂಕದ ಲೆಕ್ಕ. ಇಲ್ಲಿ ಟ್ರಕ್ಕು, ಟ್ರೇಲರು, ಹೊರೆ ಎಲ್ಲಾ ಸೇರಿ 80,000 ಪೌಂಡ್ ಮಿತಿ, ಅಂದರೆ 36 ಟನ್ ಚಿಲ್ಲರೆ. ನಾನು ಓಡಿಸಿದ ಅಲ್ಯೂಮಿನಿಯಂಗೂ ಈ ಕಾಂಬೊಗೂ ಸುಮಾರು 1,700 ಪೌಂಡ್ ವ್ಯತ್ಯಾಸ. ಮಾರುವವರು ಇದನ್ನೇ ಹಿಡಿದು ಹೇಳುತ್ತಾರೆ. ಅಷ್ಟು ಜಾಸ್ತಿ ಹೇರಬಹುದು, ಅಷ್ಟು ಜಾಸ್ತಿ ದುಡ್ಡು ಅಂತ. ನಾನು ಕೂತು ಎಂಟು ತಿಂಗಳ ಬಿಲ್ ತೆಗೆದು ನೋಡಿದೆ. ತೂಕದ ಮೇಲೆ ಬಾಡಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಟ್ರಿಪ್ಪಿಗೆ. ಮಿಕ್ಕಿದ್ದೆಲ್ಲ ಟ್ರಿಪ್ಪಿಗಿಷ್ಟು ಅಂತ ಗುತ್ತಿಗೆ. 44,000 ಪೌಂಡ್ ಹೇರಿದರೂ ಅಷ್ಟೇ, 47,000 ಹೇರಿದರೂ ಅಷ್ಟೇ. ಉಳಿಸಿದ ತೂಕಕ್ಕೆ ನನಗೆ ಯಾರೂ ಕಾಸು ಕೊಟ್ಟಿರಲಿಲ್ಲ. ಅಲ್ಯೂಮಿನಿಯಂ ಬೆಲೆ ಮಾತ್ರ ಕೆಲವು ಸಾವಿರ ಡಾಲರ್ ಜಾಸ್ತಿ.

ಹಾಗಂತ ಕಾಂಬೊದಲ್ಲಿ ತೂಕ ಕಾಡಲ್ಲ ಅಂತಲ್ಲ. ಹೋದ ವರ್ಷ 47,600 ಪೌಂಡಿನ ಒಂದು ಕಾಯಿಲ್ ಸಿಕ್ಕಿತು. ಹೇರಿಕೊಂಡು ಸೀದಾ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ, ಅಂದರೆ ಗಾಡಿ ತೂಗುವ ಕಾಟಾಕ್ಕೆ, ಹೋದೆ. ಚೀಟಿ ಬಂತು: ಮುಂದಿನ ಆಕ್ಸಲ್ 11,940, ಡ್ರೈವ್ (ಟ್ರಕ್ಕಿನ ಹಿಂದಿನ ಆಕ್ಸಲ್ ಜೋಡಿ) 33,760, ಟ್ರೇಲರ್ 33,980. ಒಟ್ಟು 79,680. ಉಳಿದಿದ್ದು 320 ಪೌಂಡ್. ಡೀಸೆಲ್ ಗ್ಯಾಲನ್ನಿಗೆ ಏಳು ಪೌಂಡ್, ಅಂದರೆ ಇನ್ನು 45 ಗ್ಯಾಲನ್ ಹಾಕಿಸಿದರೆ ಮಿತಿ ಮುಟ್ಟಿತು. ಅಂಥ ದಿನ ಅರ್ಧ ಟ್ಯಾಂಕಿನಲ್ಲೇ ಹೊರಡುತ್ತೇನೆ, ದಾರಿಯಲ್ಲಿ ಸ್ವಲ್ಪ ಸ್ವಲ್ಪ ಹಾಕಿಸುತ್ತೇನೆ. ಡ್ರೈವ್ ಆಕ್ಸಲ್ ಜೋಡಿಗೆ 34,000 ಮಿತಿ. ಕಾಯಿಲನ್ನು ಒಂದಡಿ ಮುಂದೆ ಇಟ್ಟಿದ್ದರೆ ಸಾವಿರ ಪೌಂಡಿಗಿಂತ ಜಾಸ್ತಿ ಅಲ್ಲಿಗೆ ಬಂದು ದಂಡ ಗ್ಯಾರಂಟಿ. ಟ್ರೇಲರಿನ ಆಕ್ಸಲ್‌ಗಳು ಒಂದಕ್ಕೊಂದು ದೂರ ಇರುವುದರಿಂದ ಅವಕ್ಕೆ 40,000 ತನಕ ಅವಕಾಶ. ಅದಕ್ಕೇ ನಾನು ನೆಲದ ಅಂಚಿಗೆ ಬಣ್ಣದ ಗೆರೆ ಎಳೆದಿಟ್ಟಿದ್ದೇನೆ. ಕ್ರೇನಿನವನಿಗೆ "ಈ ಗೆರೆ ಮೇಲೆ ಇಡಪ್ಪ" ಅಂದರೆ ಮುಗೀತು.

ಕಾಯಿಲ್ ತೂತು ಪಕ್ಕಕ್ಕೆ ಮುಖ ಮಾಡಿ ಇಟ್ಟರೆ ಇಲ್ಲಿನ ಡ್ರೈವರುಗಳು ಅದನ್ನು "ಸೂಯಿಸೈಡ್" ಅನ್ನುತ್ತಾರೆ. ಚೈನು ಕಿತ್ತರೆ ಉರುಳಿ ಬರುವುದು ನೇರ ಕ್ಯಾಬಿನ್ ಕಡೆಗೆ ತಾನೆ. ಹಾಗೆ ಬೆನ್ನಿಗೆ ಇಪ್ಪತ್ತೊಂದು ಟನ್ ಕಟ್ಟಿಕೊಂಡು ಹೋಗುವಾಗ ಕೆಳಗಿನ ತೊಲೆ ಸ್ಟೀಲು ಅನ್ನುವುದು ನನಗೊಂದು ಧೈರ್ಯ. ಇದು ಲೆಕ್ಕವಲ್ಲ, ಮನಸ್ಸಿನ ಮಾತು.

ಕಾಂಬೊದ ಕಾಟ ಬೇರೆ ಇದೆ. ಚಳಿಗಾಲದಲ್ಲಿ ಇಂಡಿಯಾನಾದ ರಸ್ತೆಗೆ ಉಪ್ಪು ಸುರಿಯುತ್ತಾರೆ. ಸ್ಟೀಲಿಗೆ ತುಕ್ಕು ಹಿಡಿಯುವುದು ಗೊತ್ತಿದ್ದದ್ದೇ. ಗೊತ್ತಿಲ್ಲದೆ ತಿನ್ನುವುದು ಎರಡು ಲೋಹ ಕೂಡುವ ಜಾಗ. ಉಪ್ಪುನೀರು ನಡುವೆ ಹೋದರೆ ಬ್ಯಾಟರಿಯ ಹಾಗೆ ಕೆಲಸ ಶುರು, ಸವೆಯುವುದು ಅಲ್ಯೂಮಿನಿಯಂ. ನನ್ನದು ಸೆಕೆಂಡ್‌ಹ್ಯಾಂಡ್. ಕೊಳ್ಳುವಾಗ ಮೂರು ಗಾಡಿಗಳ ಕೆಳಗೆ ಟಾರ್ಚ್ ಹಿಡಿದು ಮಲಗಿದ್ದೆ. ಮೊದಲನೆಯದರಲ್ಲಿ ನೆಲ ಮತ್ತು ಅಡ್ಡ ತೊಲೆ ನಡುವೆ ಸುಣ್ಣದಂಥ ಬಿಳಿ ಪುಡಿ. ಸ್ಕ್ರೂಡ್ರೈವರಿನಿಂದ ಕೆರೆದರೆ ರವೆಯಂತೆ ಉದುರಿ ಕಣ್ಣಿಗೆ ಬಿತ್ತು. ಎದ್ದು ಬಂದುಬಿಟ್ಟೆ. ಮಾಲೀಕ ಹೊರಗಿನ ಪೇಂಟು ಮಾತ್ರ ಫಳಫಳ ಮಾಡಿಸಿದ್ದ. ಮೂರನೆಯದರಲ್ಲಿ ಎರಡು ಲೋಹ ತಾಗದಂತೆ ನಡುವೆ ಹಾಕಿದ ಪಟ್ಟಿ ಹಾಗೇ ಇತ್ತು, ಪುಡಿ ಇರಲಿಲ್ಲ. ಅದನ್ನೇ ತಗೊಂಡೆ.

ಜಾರುವ ವಿಷಯದಲ್ಲಿ ಎರಡೂ ಒಂದೇ, ನೆಲ ಎರಡಕ್ಕೂ ಅಲ್ಯೂಮಿನಿಯಮ್ಮೇ. ಬೆಳಗಿನ ಇಬ್ಬನಿ ಹೆಪ್ಪುಗಟ್ಟಿದಾಗ ತಾಡಪತ್ರಿ ಹೊತ್ತು ಮೇಲೆ ಹತ್ತುವುದು ಬೇಡವೇ ಬೇಡ. ನಾನು ಒಮ್ಮೆ ಬಿದ್ದು ಮೊಣಕೈ ಊದಿಸಿಕೊಂಡಿದ್ದೇನೆ. ಮೊಳೆ ಹೊಡೆಯಲು ನೆಲದಲ್ಲಿ ಮರದ ಪಟ್ಟಿಗಳಿರುತ್ತವಲ್ಲ, ಅವುಗಳ ಮೇಲೇ ಕಾಲಿಡುವುದು ಈಗ ಅಭ್ಯಾಸವಾಗಿದೆ.

ನನ್ನ ಡಾಬಾ ದೋಸ್ತ್ ಒಬ್ಬ ಹಲಗೆ ಮತ್ತು ಸೂರಿನ ಸಾಮಾನು ಮಾತ್ರ ಹೊಡೆಯುತ್ತಾನೆ. ವಾಪಸ್ ಬರುವಾಗ ಖಾಲಿ ಓಡುವುದೇ ಜಾಸ್ತಿ. ಅವನು ಅಲ್ಯೂಮಿನಿಯಂ ತಗೊಂಡ, ನಾನೇ ಜೊತೆಗೆ ಹೋಗಿ ಆರಿಸಿಕೊಟ್ಟೆ. ಮಾರುವಾಗ ಅವನಿಗೆ ನನಗಿಂತ ಒಳ್ಳೆ ಬೆಲೆ ಬರುವುದು ಖಂಡಿತ.

ನಾನು ಚಳಿಗಾಲದಲ್ಲಿ ವಾರಕ್ಕೊಮ್ಮೆ ಗಾಡಿಯ ಹೊಟ್ಟೆ ತೊಳೆಸುತ್ತೇನೆ. ಏಪ್ರಿಲ್ ಬಂತೆಂದರೆ ತುಕ್ಕು ಕೆರೆದು ಬಣ್ಣ ಹಚ್ಚುತ್ತೇನೆ. ಈ ಸಲ ಹಿಂದಿನಿಂದ ಮೂರನೇ ಅಡ್ಡ ತೊಲೆಯ ತುದಿ ಸುತ್ತಿಗೆ ತಟ್ಟಿದಾಗ ಬೇರೆ ಸದ್ದು ಕೊಟ್ಟಿತು. ವೆಲ್ಡಿಂಗಿನವನಿಗೆ ಫೋನ್ ಮಾಡಿದೆ. ಶನಿವಾರ ಮನೆ ಮುಂದೆಯೇ ಬಂದು ಮಾಡಿಕೊಡುತ್ತಾನಂತೆ.